ನಪಾಸಾಗದ ಮಗನನ್ನು ಮತ್ತೆ ಎಂಟನೆಯ ತರಗತಿಯಲ್ಲಿ ಕೂರಿಸುವುದು: ಖಾಸಗಿ ಶಾಲೆಗಳ ಲ್ಯಾಕ್ರಾಸ್‌ನಲ್ಲಿ ಇದು ನ್ಯಾಯವೇ?

ಬೆಥೆಸ್ಡಾ ಅಪ್ಪ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೇರಿಲ್ಯಾಂಡ್, ವರ್ಜೀನಿಯಾ, ನ್ಯೂಜೆರ್ಸಿ ಕಡೆ ಮಕ್ಕಳನ್ನು ಲ್ಯಾಕ್ರಾಸ್ (ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಆಟ) ಆಡಿಸುತ್ತಿರುವ ಕೆಲವು ಮನೆಯವರು ಈ ಗುಂಪಿನಲ್ಲಿ ಇದ್ದೀರೆಂದು ಗೊತ್ತಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿಡುತ್ತಿದ್ದೇನೆ. ನಮ್ಮ ಮಗ ಸರ್ಕಾರಿ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದಾನೆ. ಬರುವ ಜೂನ್‌ಗೆ 14 ತುಂಬುತ್ತದೆ, ಮಿಡ್‌ಫೀಲ್ಡ್ ಆಡುತ್ತಾನೆ, ಓದಿನಲ್ಲಿ ಯಾವ ತೊಂದರೆಯೂ ಇಲ್ಲ. ಒಂಬತ್ತನೆಯ ತರಗತಿಗೆಂದು ಇಲ್ಲಿನ ಒಂದು ಖಾಸಗಿ ಶಾಲೆಗೆ ಅರ್ಜಿ ಹಾಕಿದೆವು. ಸಂದರ್ಶನ ಮುಗಿದ ಮೇಲೆ ಪ್ರವೇಶ ವಿಭಾಗದವರು ಬಹಳ ಸೌಜನ್ಯದಿಂದ, ಹುಡುಗನನ್ನು ಮತ್ತೊಮ್ಮೆ ಎಂಟನೆಯ ತರಗತಿಗೇ ಸೇರಿಸುವುದಾದರೆ ತಮಗೆ ಹೆಚ್ಚು ಸಂತೋಷವೆಂದೂ, ಕೋಚ್ ಅವರ ಅಭಿಪ್ರಾಯವೂ ಅದೇ ಎಂದೂ ತಿಳಿಸಿದರು.

ಹಾಸನದಲ್ಲಿರುವ ನಮ್ಮ ತಂದೆಯವರಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಮಾತು, "ಯಾವ ಸಬ್ಜೆಕ್ಟ್ ಹೋಯಿತು?" ನನ್ನ ಹೆಂಡತಿ ಇದಕ್ಕೆ ಸಂಪೂರ್ಣ ವಿರುದ್ಧವಾಗಿದ್ದಾಳೆ. ಮಗ ಮಾತ್ರ, ತನ್ನ ಕ್ಲಬ್ ತಂಡದಲ್ಲಿ ಅರ್ಧದಷ್ಟು ಹುಡುಗರು ಈಗಾಗಲೇ ಹೀಗೆ ಮಾಡಿ ತಂತಮ್ಮ ತರಗತಿಯವರಿಗಿಂತ ಒಂದು ವರ್ಷ ದೊಡ್ಡವರಾಗಿ ಆಡುತ್ತಿದ್ದಾರೆ, ತಾನು ಮಾಡದಿದ್ದರೆ ಹಿಂದೆ ಬೀಳುತ್ತೇನೆ ಎನ್ನುತ್ತಾನೆ. ಇದು ನಿಯಮಬದ್ಧವೇ, ನ್ಯಾಯವೇ, ಹುಡುಗನಿಗೆ ಒಳ್ಳೆಯದೇ ಎಂಬ ಮೂರು ಪ್ರಶ್ನೆಗಳಿಗೂ ಒಂದೇ ಉತ್ತರ ಇರಲಾರದೆಂದು ನನಗೆ ಅನುಮಾನ. ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಬೋಗಾದಿ ಬಾಯ್ಸ್

ನಾವು ಓದುವಾಗ ಮನೆಯಲ್ಲಿ ಪೆಟ್ಟು ತಿಂದು ಪಡೆಯುತ್ತಿದ್ದ ಸೌಲಭ್ಯವನ್ನು ನೀವು ಡಾಲರ್ ಕೊಟ್ಟು ಪಡೆಯಲು ಹೊರಟಿದ್ದೀರಿ, ಅಭಿನಂದನೆಗಳು.

ಬಾಲ್ಟಿಮೋರ್ ಹಳಬ

ಬೆಥೆಸ್ಡಾ ಅಪ್ಪ ಅವರೇ, ಮೊದಲು ನಿಯಮದ ಮಾತು. ಮೇರಿಲ್ಯಾಂಡಿನ ಸರ್ಕಾರಿ ಶಾಲೆಗಳ ಕ್ರೀಡಾ ಸಂಘದ ಪ್ರಕಾರ ಆ ಶೈಕ್ಷಣಿಕ ವರ್ಷದ ಆಗಸ್ಟ್ 31ಕ್ಕೆ 19 ತುಂಬಿದವರು ಆಡುವಂತಿಲ್ಲ. ಖಾಸಗಿ ಶಾಲೆಗಳ ಲೀಗ್‌ಗಳಿಗೆ ಅವುಗಳದ್ದೇ ಆದ ನಿಯಮಾವಳಿಗಳಿವೆ: ಬಾಲ್ಟಿಮೋರ್ ಸುತ್ತ ಎಂಐಎಎ, ವಾಷಿಂಗ್ಟನ್ ಸುತ್ತ ಐಎಸಿ, ಫಿಲಡೆಲ್ಫಿಯಾದಲ್ಲಿ ಇಂಟರ್-ಎಸಿ. ಆದರೆ ಸರ್ಕಾರಿ ಶಾಲೆಯ 19ರ ಮಿತಿಯನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ಇಲ್ಲಿ ಸೆಪ್ಟೆಂಬರ್ 1ರೊಳಗೆ ಐದು ತುಂಬಿದ ಮಗು ಕಿಂಡರ್‌ಗಾರ್ಟನ್‌ಗೆ ಸೇರುತ್ತದೆ. ಒಂದು ತರಗತಿಯ ಅತಿ ಹಿರಿಯ ಹುಡುಗ, ಅಂದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಹುಟ್ಟಿದವನು, ಹನ್ನೆರಡನೆಯ ತರಗತಿ ಆರಂಭಿಸುವ ಆಗಸ್ಟ್‌ನಲ್ಲಿ ಇನ್ನೂ 17ರಲ್ಲೇ ಇರುತ್ತಾನೆ. ಅವನು ಒಂದು ವರ್ಷ ರಿಪೀಟ್ ಮಾಡಿದರೂ ಆ ದಿನಕ್ಕೆ 18 ವರ್ಷದವನೇ. ಹೀಗಾಗಿ ಈ ಮಿತಿ ಎರಡನೆಯ ರಿಪೀಟನ್ನು ತಡೆಯುತ್ತದೆಯೇ ಹೊರತು ಮೊದಲನೆಯದನ್ನು ಮುಟ್ಟುವುದೇ ಇಲ್ಲ. ನಿಮ್ಮ ಮಗನದು ಜೂನ್ ಜನ್ಮದಿನವಾದ್ದರಿಂದ ರಿಪೀಟ್ ಮಾಡಿದರೂ ಅವನಿಗೆ 19 ತುಂಬುವುದು ಶಾಲೆ ಮುಗಿಯುವ ಹೊತ್ತಿಗೆ.

ಇನ್ನೊಂದು ಸಂಗತಿ ಹೊರಗಿನಿಂದ ಬಂದವರಿಗೆ ತಿಳಿದಿರುವುದಿಲ್ಲ. ಬಾಲ್ಟಿಮೋರಿನ ಹಲವು ಹಳೆಯ ಖಾಸಗಿ ಶಾಲೆಗಳಲ್ಲಿ ಕಿಂಡರ್‌ಗಾರ್ಟನ್ ಮತ್ತು ಒಂದನೆಯ ತರಗತಿಗಳ ನಡುವೆ "ಪ್ರೀ-ಫಸ್ಟ್" ಎಂಬ ತರಗತಿ ಬಹು ಕಾಲದಿಂದ ಇದೆ. ಬೇಸಿಗೆಯಲ್ಲಿ ಹುಟ್ಟಿದ ಗಂಡು ಮಕ್ಕಳನ್ನು ಅಲ್ಲಿ ಒಂದು ವರ್ಷ ಕೂರಿಸುವುದು ಲ್ಯಾಕ್ರಾಸ್‌ಗಾಗಿ ಹುಟ್ಟಿದ ಪದ್ಧತಿಯಲ್ಲ, ಈಗಲೂ ಬಹುಪಾಲು ಮನೆಗಳಲ್ಲಿ ಅದಕ್ಕೂ ಆಟಕ್ಕೂ ಸಂಬಂಧವಿಲ್ಲ. ಆದರೆ ಎಂಟು ವರ್ಷಗಳ ನಂತರ ಮೈದಾನಕ್ಕೆ ಬಂದು ನಿಂತಾಗ ಆ ಮಕ್ಕಳೂ "ದೊಡ್ಡವರು" ಎಂದೇ ಕಾಣುತ್ತಾರೆ. ಎಲ್ಲ ದೊಡ್ಡ ಹುಡುಗರ ಹಿಂದೆಯೂ ಕೋಚ್‌ನ ಕೈವಾಡವಿದೆ ಎಂದು ಭಾವಿಸಬೇಡಿ ಎಂಬುದಷ್ಟೇ ನನ್ನ ವಿನಂತಿ.

ಗೋಲಿಯ ಅಮ್ಮ, ನ್ಯೂಜೆರ್ಸಿ

ಹಳಬರ ಲೆಕ್ಕಾಚಾರ ಸರಿಯಾಗಿದೆ, ಆದರೆ ಅದನ್ನು ಗೋಲ್ ಮುಂದೆ ನಿಂತಿರುವ ಹದಿಮೂರರ ಹುಡುಗನಿಗೆ ಹೇಳಿ ನೋಡಿ. ಲ್ಯಾಕ್ರಾಸ್ ಚೆಂಡು ಗಟ್ಟಿ ರಬ್ಬರಿನದು, ಸುಮಾರು 145 ಗ್ರಾಂ ತೂಗುತ್ತದೆ, ಅಂದರೆ ನಮ್ಮ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪವೇ ಹಗುರ. ಎದೆಗೆ ಬಿದ್ದ ಪೆಟ್ಟಿನಿಂದ ಹೃದಯದ ಬಡಿತವೇ ನಿಲ್ಲುವ ಅಪಾಯವಿದೆ ಎಂಬ ಕಾರಣಕ್ಕೆ ಗೋಲಿಗಳಿಗೆ (ಗೋಲು ಕಾಯುವವರಿಗೆ) 2021ರಿಂದಲೂ ಉಳಿದ ಹುಡುಗರಿಗೆ 2022ರಿಂದಲೂ ಪ್ರಮಾಣೀಕೃತ ಎದೆಕವಚವನ್ನು ಕಡ್ಡಾಯ ಮಾಡಿದ್ದಾರೆ. ಹುಡುಗರ ಎತ್ತರ ಅತ್ಯಂತ ವೇಗವಾಗಿ ಏರುವುದು ಸರಾಸರಿ 13ರಿಂದ 14ರ ನಡುವೆ, ಸ್ನಾಯುಬಲ ತುಂಬಿಕೊಳ್ಳುವುದು ಅದಾದ ಮೇಲೆ. ಆ ಏರಿಕೆ ಇನ್ನೂ ಆರಂಭವಾಗದ ಹುಡುಗನ ಎದುರು, ಅದನ್ನು ಮುಗಿಸಿ ಒಂದು ವರ್ಷ ಜಿಮ್ ಮಾಡಿದ ಹುಡುಗನನ್ನು ನಿಲ್ಲಿಸಿ, ಇಬ್ಬರದೂ ಒಂದೇ ತರಗತಿ ಎಂದು ಕಾಗದ ತೋರಿಸುವುದನ್ನು ನಾನು ಸ್ಪರ್ಧೆ ಎಂದು ಕರೆಯಲಾರೆ.

ಮೇರಿಲ್ಯಾಂಡಿನವರೇ ಉತ್ತರಿಸಿ: ನಿಮ್ಮಲ್ಲಿ ವಾಹನ ಚಾಲನೆಯ ಕಲಿಕಾ ಪರವಾನಗಿ 15 ವರ್ಷ 9 ತಿಂಗಳಿಗೆ ಸಿಗುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಹುಟ್ಟಿ ರಿಪೀಟ್ ಮಾಡಿದ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗಲೇ, ಜೂನ್ ಹೊತ್ತಿಗೆ, ಅದಕ್ಕೆ ಅರ್ಹನಾಗುತ್ತಾನೆ. ಅವನು ಪಂದ್ಯಕ್ಕೆ ತಾನೇ ಕಾರು ನಡೆಸಿಕೊಂಡು ಬಂದು ನನ್ನ ಮಗನ ಮೇಲೆ ಗೋಲು ಹೊಡೆಯಬೇಕೇ?

ಬಾಲ್ಟಿಮೋರ್ ಹಳಬ

ಕಲಿಕಾ ಪರವಾನಗಿ ಇದ್ದವರು ಒಬ್ಬರೇ ಕಾರು ನಡೆಸುವಂತಿಲ್ಲ ಮೇಡಂ, ಪಕ್ಕದಲ್ಲಿ ಅಮ್ಮ ಕೂತಿರಲೇಬೇಕು. ಉಳಿದದ್ದಕ್ಕೆ ನನ್ನ ಬಳಿ ಉತ್ತರವಿಲ್ಲ.

ಸಾನ್ ಹೋಸೆ ಎಂಜಿನಿಯರ್

ನನಗೆ ಈ ಕೋಪ ಅರ್ಥವಾಗುವುದಿಲ್ಲ. ಸುಳ್ಳು ಹೇಳಿಲ್ಲ, ಜನ್ಮಪತ್ರ ತಿದ್ದಿಲ್ಲ, ಶಾಲೆ ಒಪ್ಪಿದೆ, ತಂದೆತಾಯಿ ತಮ್ಮ ಹಣ ಕೊಡುತ್ತಿದ್ದಾರೆ. ಮಗನಿಗೆ ಖಾಸಗಿ ತರಬೇತಿ ಕೊಡಿಸುವುದು, ಬೇಸಿಗೆ ಶಿಬಿರಕ್ಕೆ ಕಳುಹಿಸುವುದು, ಒಳ್ಳೆಯ ಸ್ಟಿಕ್ ಕೊಡಿಸುವುದು ನ್ಯಾಯವಾದರೆ ಒಂದು ವರ್ಷದ ಕಾಲಾವಕಾಶ ಕೊಡಿಸುವುದು ಮಾತ್ರ ಹೇಗೆ ಅನ್ಯಾಯವಾಗುತ್ತದೆ? ತಡವಾಗಿ ಬೆಳೆಯುವ ಹುಡುಗರಿಗೆ ಈ ವ್ಯವಸ್ಥೆಯಲ್ಲಿ ಇರುವ ಒಂದೇ ದಾರಿ ಇದು.

ಗೋಲಿಯ ಅಮ್ಮ, ನ್ಯೂಜೆರ್ಸಿ

ತರಬೇತಿ ಕೊಡಿಸಿದರೆ ನಿಮ್ಮ ಮಗ ಕಲಿಯುತ್ತಾನೆ, ಆಗ ನನ್ನ ಮಗನೂ ಕಲಿತು ಎದುರಿಸಬಹುದು. ವಯಸ್ಸನ್ನು ಯಾರೂ ಅಭ್ಯಾಸದಿಂದ ಗಳಿಸಲಾರರು. ಸ್ಪರ್ಧೆಯ ಗುಂಪನ್ನು ವಿಂಗಡಿಸಲು ಬಳಸುವ ಅಳತೆಯನ್ನೇ ಹಣ ಕೊಟ್ಟು ಸರಿಸುವುದಕ್ಕೂ, ಆ ಅಳತೆಯೊಳಗೆ ನಿಂತು ಹಣ ಖರ್ಚು ಮಾಡುವುದಕ್ಕೂ ವ್ಯತ್ಯಾಸವಿದೆ ಸರ್. ತಡವಾಗಿ ಬೆಳೆಯುವ ಹುಡುಗರಿಗಾಗಿ ಎಂದಿರಿ. ನಾನು ನೋಡಿದ ರಿಪೀಟ್ ಹುಡುಗರಲ್ಲಿ ಹೆಚ್ಚಿನವರು ಮೊದಲೇ ಬೆಳೆದು ನಿಂತಿದ್ದವರು.

ಕ್ಲಬ್ ಕೋಚ್, ಉತ್ತರ ವರ್ಜೀನಿಯಾ

ಮಕ್ಕಳ ಕ್ಲಬ್ ತಂಡವೊಂದಕ್ಕೆ ಕೋಚ್ ಆಗಿರುವುದರಿಂದ, ಇದರ ಹಿಂದಿನ ಯಂತ್ರ ಹೇಗೆ ತಿರುಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಶಾಲೆಯ ಟ್ರೋಫಿಗಿಂತ ಕಾಲೇಜಿನ ಆಯ್ಕೆಯೇ ಮುಖ್ಯ.

2017ರವರೆಗೆ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗರೇ ದೊಡ್ಡ ಕಾಲೇಜುಗಳಿಗೆ ಬಾಯಿಮಾತಿನ ಒಪ್ಪಿಗೆ ಕೊಡುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ನಿಯಮ ತಂದು, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರವರೆಗೆ ಮೊದಲ ದರ್ಜೆಯ (ಡಿವಿಜನ್ 1, ಅಂದರೆ ಕಾಲೇಜು ಆಟದ ಅತಿ ಮೇಲಿನ ಮಟ್ಟದ) ಕಾಲೇಜುಗಳ ಕೋಚ್‌ಗಳು ಹುಡುಗರೊಂದಿಗೆ ಆಯ್ಕೆಯ ಮಾತುಕತೆ ನಡೆಸಬಾರದೆಂದು ಮಾಡಿತು. ಮಾತುಕತೆ ಮುಂದಕ್ಕೆ ಹೋಯಿತು, ನೋಡುವುದು ನಿಲ್ಲಲಿಲ್ಲ. ಹತ್ತನೆಯ ತರಗತಿ ಮುಗಿದ ಬೇಸಿಗೆಯ ಟೂರ್ನಿಗಳಲ್ಲಿ ಕೋಚ್‌ಗಳು ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಅವರ ಕೈಯಲ್ಲಿರುವ ಪಟ್ಟಿಯಲ್ಲಿ ಹುಡುಗನ ಹೆಸರಿನ ಮುಂದೆ ಇರುವುದು ಶಾಲೆ ಮುಗಿಸುವ ವರ್ಷ. ಆ ಬೇಸಿಗೆಯಲ್ಲಿ ಒಬ್ಬನಿಗೆ 16, ಇನ್ನೊಬ್ಬನಿಗೆ 17 ದಾಟಿದ್ದರೆ ಯಾರು ಕಣ್ಣಿಗೆ ಬೀಳುತ್ತಾರೆಂದು ಬೇರೆ ಹೇಳಬೇಕಿಲ್ಲ.

ಎಂಟನೆಯ ತರಗತಿಯೇ ಏಕೆ ಎಂದು ಕೇಳಬಹುದು. ಮೊದಲ ದರ್ಜೆಯ ಕಾಲೇಜಿನಲ್ಲಿ ಆಡಲು ಪ್ರೌಢಶಾಲೆಯಲ್ಲಿ 16 ಕಡ್ಡಾಯ ವಿಷಯಗಳನ್ನು ಮುಗಿಸಿರಬೇಕು, ಅದಕ್ಕೆ ಎಂಟು ಸೆಮಿಸ್ಟರ್‌ಗಳ ಗಡುವಿದೆ, ಆ ಗಡಿಯಾರ ಓಡಲು ಆರಂಭಿಸುವುದು ಒಂಬತ್ತನೆಯ ತರಗತಿಗೆ ಕಾಲಿಟ್ಟ ದಿನ. ಎಂಟರಲ್ಲಿ ಕಳೆದ ಹೆಚ್ಚುವರಿ ವರ್ಷ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬೆಥೆಸ್ಡಾ ಅಪ್ಪ ಅವರಿಗೆ ಶಾಲೆಯವರು ಒಂಬತ್ತು ಬೇಡ, ಎಂಟು ಇರಲಿ ಎಂದದ್ದು ಆಕಸ್ಮಿಕವಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಋತು ರದ್ದಾದಾಗ ಕಾಲೇಜು ಆಟಗಾರರಿಗೆ ಒಂದು ವರ್ಷ ಹೆಚ್ಚುವರಿಯಾಗಿ ಆಡಲು ಅವಕಾಶ ಕೊಟ್ಟರು. ಅಲ್ಲಿಂದ ಕಾಲೇಜು ತಂಡಗಳಲ್ಲಿ 22, 23 ವರ್ಷದವರು ತುಂಬಿಕೊಂಡರು. ಈಗ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದು ಸುಲಭವಾಗಿದೆ, ಮತ್ತು ಕಾಲೇಜು ಆಟಗಾರರ ಸಂಭಾವನೆ ಕುರಿತ 2025ರ ನ್ಯಾಯಾಲಯದ ಒಪ್ಪಂದದ ನಂತರ ಅದಕ್ಕೆ ಒಳಪಟ್ಟ ಕಾಲೇಜುಗಳ ಪುರುಷರ ತಂಡದಲ್ಲಿ 48 ಜನರ ಮಿತಿ ಬಂದಿದೆ. ಸೀಟು ಕಡಿಮೆಯಾದಾಗ ಕೋಚ್ ಪಕ್ಕಾ ಆದವನನ್ನು ಹುಡುಕುತ್ತಾನೆ, ಎಳೆಯನನ್ನು ಬೆಳೆಸುವ ತಾಳ್ಮೆ ಅವನಿಗೆ ಉಳಿಯುವುದಿಲ್ಲ. ಆ ಒತ್ತಡ ಒಂದೊಂದೇ ಮೆಟ್ಟಿಲು ಇಳಿದು ಎಂಟನೆಯ ತರಗತಿಯ ಬಾಗಿಲಿಗೆ ಬಂದಿದೆ.

ಟ್ರೆಂಟನ್ ಟೀ ಕಪ್

ಹಣದ ಲೆಕ್ಕವನ್ನು ಯಾರೂ ಹೇಳಲಿಲ್ಲ. ವಾಷಿಂಗ್ಟನ್ ಸುತ್ತಲಿನ ಅನೇಕ ಖಾಸಗಿ ಶಾಲೆಗಳ ಶುಲ್ಕ ವರ್ಷಕ್ಕೆ 40,000 ಡಾಲರ್ ದಾಟುತ್ತದೆ. ವಿದ್ಯಾರ್ಥಿವೇತನ ಬಂದರೆ ಅದು ವಾಪಸಾಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ, ಇತ್ತೀಚಿನವರೆಗೂ ಮೊದಲ ದರ್ಜೆಯ ಒಂದು ಪುರುಷರ ಲ್ಯಾಕ್ರಾಸ್ ತಂಡಕ್ಕೆ ಇದ್ದದ್ದು ಒಟ್ಟು 12.6 ಪೂರ್ಣ ವಿದ್ಯಾರ್ಥಿವೇತನ, ಅದನ್ನು ನಲವತ್ತಕ್ಕೂ ಹೆಚ್ಚು ಹುಡುಗರಿಗೆ ಹಂಚಬೇಕಿತ್ತು. ಮೇಲೆ ಕೋಚ್ ಹೇಳಿದ ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಈಗ ಆ ಮಿತಿ ಹೋಗಿದೆ, ಆದರೆ ಲ್ಯಾಕ್ರಾಸ್‌ಗೆ ಹಣ ಸುರಿಯಲು ಎಲ್ಲ ಕಾಲೇಜುಗಳೂ ಮುಂದಾಗುವುದಿಲ್ಲ. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳಲ್ಲಂತೂ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ.

ಕ್ಲಬ್ ಕೋಚ್, ಉತ್ತರ ವರ್ಜೀನಿಯಾ

ನೀವು ಹೇಳಿದ್ದು ನಿಜ, ಆದರೆ ಈ ತಂದೆತಾಯಂದಿರು ಹಣ ವಾಪಸು ಬರಲೆಂದು ಇದನ್ನು ಮಾಡುತ್ತಿಲ್ಲ. ಅವರಿಗೆ ಬೇಕಿರುವುದು ಪ್ರವೇಶ. ಹಾರ್ವರ್ಡ್ ಪ್ರವೇಶದ ಮೊಕದ್ದಮೆಯಲ್ಲಿ ಹೊರಬಂದ ಅಂಕಿಅಂಶಗಳ ಪ್ರಕಾರ ಕೋಚ್‌ಗಳು ಆರಿಸಿದ ಕ್ರೀಡಾಪಟುಗಳಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಸೀಟು ಸಿಗುತ್ತಿತ್ತು, ಉಳಿದ ಅರ್ಜಿದಾರರಲ್ಲಿ ನೂರಕ್ಕೆ ಹತ್ತು ಜನಕ್ಕೂ ಸಿಗುತ್ತಿರಲಿಲ್ಲ. ಪ್ರಿನ್ಸ್‌ಟನ್, ಯೇಲ್, ಕಾರ್ನೆಲ್, ಡ್ಯೂಕ್, ಜಾನ್ಸ್ ಹಾಪ್ಕಿನ್ಸ್, ವರ್ಜೀನಿಯಾ ಇವೆಲ್ಲವೂ ಲ್ಯಾಕ್ರಾಸ್‌ನಲ್ಲಿ ಬಲಿಷ್ಠ ಕಾಲೇಜುಗಳು ಎಂಬುದನ್ನು ಗಮನಿಸಿ. ಹಾಪ್ಕಿನ್ಸ್ ಉಳಿದ ಬಹುತೇಕ ಆಟಗಳನ್ನು ಮೂರನೆಯ ದರ್ಜೆಯಲ್ಲಿ ಆಡಿ ಲ್ಯಾಕ್ರಾಸನ್ನು ಮಾತ್ರ ಮೊದಲ ದರ್ಜೆಯಲ್ಲಿ ಆಡುತ್ತದೆ. ನಮ್ಮವರು ಈ ಆಟಕ್ಕೆ ಬರುತ್ತಿರುವುದಕ್ಕೂ ಈ ಪಟ್ಟಿಗೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಗುತ್ತೇನೆ.

ಜಯನಗರ ನಾಲ್ಕನೇ ಬ್ಲಾಕ್

ಇದನ್ನೆಲ್ಲ ಓದುತ್ತಿದ್ದರೆ ನಮ್ಮ ಜೂನಿಯರ್ ಕ್ರಿಕೆಟ್ ನೆನಪಾಗುತ್ತದೆ. ವಯಸ್ಸು ಕಡಿಮೆ ತೋರಿಸಿ 14ರ, 16ರ ಒಳಗಿನ ತಂಡಗಳಿಗೆ ಹುಡುಗರನ್ನು ನುಗ್ಗಿಸುವುದು ಇಲ್ಲಿ ಎಷ್ಟು ಬೆಳೆಯಿತೆಂದರೆ, ಬಿಸಿಸಿಐ ಕೊನೆಗೆ ಎಡಗೈಯ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಟಿಡಬ್ಲ್ಯೂ-3 ಪರೀಕ್ಷೆಯನ್ನು ತರಬೇಕಾಯಿತು. 2015ರಲ್ಲಿ ರಾಹುಲ್ ದ್ರಾವಿಡ್ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಡುವಾಗ, ವಯಸ್ಸು ತಿದ್ದುವುದಕ್ಕೂ ಮ್ಯಾಚ್ ಫಿಕ್ಸಿಂಗ್‌ನಂಥ ಭ್ರಷ್ಟಾಚಾರಕ್ಕೂ ಏನು ವ್ಯತ್ಯಾಸ ಎಂದು ನೇರವಾಗಿಯೇ ಕೇಳಿದ್ದರು. ಅಮೆರಿಕದವರು ಅದೇ ಕೆಲಸವನ್ನು ರಸೀದಿ ಕೊಟ್ಟು ಮಾಡುತ್ತಿದ್ದಾರೆ, ಅಷ್ಟೇ.

ಸಾನ್ ಹೋಸೆ ಎಂಜಿನಿಯರ್

ಹೋಲಿಕೆ ತಪ್ಪು. ಅಲ್ಲಿ ದಾಖಲೆಯೇ ಸುಳ್ಳು, ಇಲ್ಲಿ ಪ್ರತಿಯೊಬ್ಬ ಹುಡುಗನ ನಿಜವಾದ ಜನ್ಮದಿನಾಂಕ ಶಾಲೆಯ ಬಳಿ ಇದೆ. ಗುಟ್ಟು ಇಲ್ಲದ ಕಡೆ ಮೋಸ ಎಲ್ಲಿಂದ ಬಂತು?

ಜಯನಗರ ನಾಲ್ಕನೇ ಬ್ಲಾಕ್

ಮೋಸ ಎಂದು ನಾನು ಹೇಳಲಿಲ್ಲ ಸ್ವಾಮಿ. ತಂಡದಿಂದ ಕೈಬಿಟ್ಟ ಹುಡುಗ ಮನೆಗೆ ಬಂದು ಬ್ಯಾಗು ಎಸೆಯುವಾಗ, ತನ್ನ ಜಾಗ ಹೊಡೆದವನ ಕಾಗದ ಸಾಚಾ ಇತ್ತೋ ಇಲ್ಲವೋ ಎಂಬುದು ಅವನಿಗೆ ಯಾವ ಸಮಾಧಾನವನ್ನೂ ಕೊಡುವುದಿಲ್ಲ ಎಂದಷ್ಟೇ ಹೇಳಿದ್ದು. ಇನ್ನು ಜನ್ಮದಿನಾಂಕ ಶಾಲೆಯ ಬಳಿ ಇದ್ದರೆ ಸಾಲದು. ಎದುರಾಳಿ ತಂಡದ ಬಳಿ, ಟೂರ್ನಿಗೆ ಬಂದ ಕಾಲೇಜು ಕೋಚ್ ಬಳಿ ಇದೆಯೇ? ಅವರ ಪಟ್ಟಿಯಲ್ಲಿ ಕಾಣುವುದು ಶಾಲೆ ಮುಗಿಸುವ ವರ್ಷ ಎಂದು ಮೇಲೆ ಕೋಚ್ ಅವರೇ ಬರೆದಿದ್ದಾರೆ.

ಮೇಷ್ಟ್ರ ಮಗಳು, ಫಿಲಡೆಲ್ಫಿಯಾ

ನಾನು ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎಲ್ಲರೂ ಮೈದಾನದ ಮಾತಾಡುತ್ತಿದ್ದೀರಿ, ತರಗತಿಯ ಒಳಗೆ ಏನಾಗುತ್ತದೆ ಎಂಬುದನ್ನು ನಾನು ಬರೆಯುತ್ತೇನೆ.

ರಿಪೀಟ್ ಮಾಡಲು ಒಳ್ಳೆಯ ಕಾರಣಗಳಿರುತ್ತವೆ. ದೀರ್ಘ ಕಾಲ ಕಾಯಿಲೆ ಬಿದ್ದ ಮಕ್ಕಳು, ಬೇರೆ ದೇಶದಿಂದ ಬಂದು ಭಾಷೆ ಹಿಡಿಯಲು ಹೆಣಗುವ ಮಕ್ಕಳು, ಓದಲು ತಡವಾಗಿ ಕಲಿತ ಮಕ್ಕಳು ಆ ಒಂದು ವರ್ಷದಲ್ಲಿ ಅರಳುವುದನ್ನು ನಾನು ಕಂಡಿದ್ದೇನೆ. ಆಟಕ್ಕಾಗಿ ರಿಪೀಟ್ ಮಾಡುವವರು ಸಾಮಾನ್ಯವಾಗಿ ಶಾಲೆ ಬದಲಿಸುವ ವರ್ಷದಲ್ಲೇ ಮಾಡುತ್ತಾರೆ, ಏಕೆಂದರೆ ಹೊಸ ಶಾಲೆಯಲ್ಲಿ "ನೀನು ಹಿಂದಿನ ವರ್ಷ ನಮ್ಮ ಅಣ್ಣನ ತರಗತಿಯಲ್ಲಿದ್ದೆಯಲ್ಲ" ಎಂದು ಕೇಳುವವರು ಇರುವುದಿಲ್ಲ. ಆ ಹುಡುಗ ಬೀಜಗಣಿತವನ್ನು ಈಗಾಗಲೇ ಮುಗಿಸಿರುತ್ತಾನೆ. ಶಾಲೆ ಜಾಣತನದಿಂದ ಅವನನ್ನು ಮುಂದಿನ ಗಣಿತಕ್ಕೆ ಹಾಕಿದರೆ ಪರವಾಗಿಲ್ಲ. ಹಾಕದಿದ್ದರೆ ಕಿಟಕಿಯ ಪಕ್ಕ ಕೂತು ವರ್ಷವಿಡೀ ಅದನ್ನೇ ಕೇಳುತ್ತಾನೆ, ಮತ್ತು ಶ್ರಮವಿಲ್ಲದೆ ಅಂಕ ಬರುವ ಅಭ್ಯಾಸ ಅವನಿಗೆ ಅಂಟಿಕೊಳ್ಳುತ್ತದೆ. ಹತ್ತನೆಯ ತರಗತಿಗೆ ಬಂದಾಗ ಆ ಅಭ್ಯಾಸ ಬಿಡಿಸುವುದು ನನ್ನ ಪಾಲಿಗೆ ಬರುತ್ತದೆ.

ನ್ಯಾಯದ ಬಗ್ಗೆಯೂ ಒಂದು ಮಾತು. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರೇ ಅತಿಯಾಗಿ ತುಂಬಿರುವುದನ್ನು 1985ರಲ್ಲೇ ಸಂಶೋಧಕರು ತೋರಿಸಿದ್ದಾರೆ, ಏಕೆಂದರೆ ಅಲ್ಲಿ ಗುಂಪು ವಿಂಗಡಿಸುವ ದಿನ ಜನವರಿ 1. ಚಿಕ್ಕಂದಿನಲ್ಲಿ ಕೆಲವೇ ತಿಂಗಳು ದೊಡ್ಡವನಾದ ಹುಡುಗ ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ಒಳ್ಳೆಯ ಕೋಚ್ ಸಿಗುತ್ತಾನೆ, ಹೆಚ್ಚು ಪಂದ್ಯ ಸಿಗುತ್ತದೆ, ಕೊನೆಗೆ ಅವನು ನಿಜವಾಗಿಯೂ ಉತ್ತಮ ಆಟಗಾರನೇ ಆಗಿಬಿಡುತ್ತಾನೆ. ಹನ್ನೊಂದು ತಿಂಗಳ ಅಂತರವೇ ಇಷ್ಟು ಮಾಡುವುದಾದರೆ, ರಿಪೀಟ್ ಸೇರಿ ಸುಮಾರು ಎರಡು ವರ್ಷವಾಗುವ ಅಂತರ ಏನು ಮಾಡಬಹುದು? ಎಂಜಿನಿಯರ್ ಸರ್, ಆಗಸ್ಟ್‌ನಲ್ಲಿ ಹುಟ್ಟಿ ರಿಪೀಟ್ ಮಾಡುವ ಹುಡುಗ ತನ್ನ ಹೊಸ ಸಹಪಾಠಿಗಳಲ್ಲಿ ಅತಿ ಹಿರಿಯನಿಗಿಂತ ಕೆಲವೇ ವಾರ ದೊಡ್ಡವನು, ಅವನ ಬಗ್ಗೆ ನನಗೆ ತಕರಾರಿಲ್ಲ. ಸೆಪ್ಟೆಂಬರ್‌ನಲ್ಲಿ ಹುಟ್ಟಿ ಮೊದಲೇ ತರಗತಿಗೆ ಹಿರಿಯನಾಗಿದ್ದು ಮತ್ತೆ ರಿಪೀಟ್ ಮಾಡುವವನ ವಿಷಯ ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ವಾದ ಮಾಡುವುದರಿಂದಲೇ ಈ ಚರ್ಚೆ ಎಲ್ಲಿಗೂ ತಲುಪುತ್ತಿಲ್ಲ.

ಸಾನ್ ಹೋಸೆ ಎಂಜಿನಿಯರ್

ಈ ವಿಂಗಡಣೆಯನ್ನು ಒಪ್ಪುತ್ತೇನೆ. ಆದರೆ ನಿಯಮ ಬರೆಯುವವರು ತಿಂಗಳು ನೋಡಿ ಕಾರಣ ಅಳೆಯಲು ಸಾಧ್ಯವಿಲ್ಲ.

ಮೇಷ್ಟ್ರ ಮಗಳು, ಫಿಲಡೆಲ್ಫಿಯಾ

ಕಾರಣ ಅಳೆಯಬೇಕಾಗಿಯೇ ಇಲ್ಲ. ದಿನಾಂಕ ಅಳೆದರೆ ಸಾಕು.

ಮ್ಯಾಸಚೂಸೆಟ್ಸ್ ಮಲೆನಾಡಿಗ

ನಿಮ್ಮೆಲ್ಲರ ಕೋಪ ನ್ಯೂ ಇಂಗ್ಲೆಂಡಿನ ವಸತಿ ಶಾಲೆಗಳನ್ನು ನೋಡಿದರೆ ಏನಾಗುತ್ತದೋ. ಇಲ್ಲಿ ಸೇರುವಾಗಲೇ ಒಂಬತ್ತು ಅಥವಾ ಹತ್ತನೆಯ ತರಗತಿಯನ್ನು ಇನ್ನೊಮ್ಮೆ ಓದುವುದು ಮಾಮೂಲಿ. ಅದರ ಮೇಲೆ ಪಿಜಿ ಎಂಬ ವರ್ಷವೂ ಇದೆ: ಪ್ರೌಢಶಾಲೆ ಮುಗಿಸಿ ಪದವಿಪತ್ರ ಪಡೆದ ಹುಡುಗ ಮತ್ತೊಂದು ವರ್ಷ ಬಂದು ಓದುತ್ತಾನೆ, ಆಡುತ್ತಾನೆ, ಕಾಲೇಜಿಗೆ ಅರ್ಜಿ ಹಾಕುತ್ತಾನೆ. ಅವನಿಗೆ 19 ಆಗಿರುತ್ತದೆ, ಎದುರಿಗೆ ಹತ್ತನೆಯ ತರಗತಿಯ ಹುಡುಗ ಡಿಫೆನ್ಸ್ ಆಡುತ್ತಿರುತ್ತಾನೆ. ಇದರಲ್ಲಿ ಗುಟ್ಟೇನೂ ಇಲ್ಲ, ಶಾಲೆಗಳು ತಮ್ಮ ಪರಿಚಯ ಪುಸ್ತಿಕೆಯಲ್ಲೇ ಅಚ್ಚು ಹಾಕಿಸುತ್ತವೆ.

ಇಲ್ಲಿ ಇಷ್ಟು ವರ್ಷ ಇದ್ದು ನಾನು ಕಂಡುಕೊಂಡದ್ದು ಇದು. ಒಬ್ಬ ರಿಪೀಟ್ ಮಾಡಿದಾಗ ಅವನಿಗೆ ಲಾಭ. ಹತ್ತು ಜನ ಮಾಡಿದಾಗ ಮಾಡದವನಿಗೆ ನಷ್ಟ. ಎಲ್ಲರೂ ಮಾಡಿದಾಗ ಯಾರಿಗೂ ಏನೂ ಸಿಕ್ಕಿರುವುದಿಲ್ಲ, ಎಲ್ಲರ ವಯಸ್ಸೂ ಒಂದು ವರ್ಷ ಹೆಚ್ಚಾಗಿ ಶಾಲೆಗೆ ಒಂದು ವರ್ಷದ ಶುಲ್ಕ ಹೆಚ್ಚು ಬಂದಿರುತ್ತದೆ. ಜಾತ್ರೆಯಲ್ಲಿ ತೇರು ನೋಡಲು ಮುಂದಿನವನು ಕುರ್ಚಿ ಹತ್ತಿದರೆ ಹಿಂದಿನವರೆಲ್ಲ ಕುರ್ಚಿ ತರಬೇಕಾಗುತ್ತದೆ. ಕುರ್ಚಿ ಬಾಡಿಗೆಗೆ ಕೊಡುವವನನ್ನು ಕರೆದು ಇದನ್ನು ನಿಲ್ಲಿಸಪ್ಪ ಎಂದರೆ ಅವನೇಕೆ ನಿಲ್ಲಿಸುತ್ತಾನೆ?

ಗೋಲಿಯ ಅಮ್ಮ, ನ್ಯೂಜೆರ್ಸಿ

ಕುರ್ಚಿಯೇ ಇಲ್ಲದವರ ಮಾತನ್ನೂ ಸೇರಿಸಿ. ಸರ್ಕಾರಿ ಶಾಲೆಯ ಹುಡುಗ ಆಟಕ್ಕಾಗಿ ರಿಪೀಟ್ ಮಾಡುತ್ತೇನೆ ಎಂದರೆ ಯಾವ ಮುಖ್ಯೋಪಾಧ್ಯಾಯರೂ ಸುಲಭವಾಗಿ ಒಪ್ಪುವುದಿಲ್ಲ. ಅವನೂ ಅದೇ ಬೇಸಿಗೆ ಟೂರ್ನಿಗೆ, ಅದೇ ಕಾಲೇಜು ಕೋಚ್‌ನ ಮುಂದೆ, ಅದೇ ಶಾಲೆ ಮುಗಿಸುವ ವರ್ಷದ ಪಟ್ಟಿಯಲ್ಲಿ ನಿಲ್ಲುತ್ತಾನೆ. ಖಾಸಗಿ ಶಾಲೆಗಳು ತಮ್ಮತಮ್ಮಲ್ಲೇ ಆಡಿಕೊಂಡಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಮೂರನೇ ಲೈನ್ ಮಿಡ್ಡಿ

ಅಂಕಲ್, ಆಂಟಿ, ನಾನು ಎಂಟನೆಯ ತರಗತಿ ರಿಪೀಟ್ ಮಾಡಿದವನು, ಈಗ ಕಾಲೇಜಿನಲ್ಲಿ ಆಡುತ್ತಿದ್ದೇನೆ. ಕನ್ನಡ ಬರವಣಿಗೆಯನ್ನು ಅಮ್ಮ ತಿದ್ದಿದ್ದಾರೆ.

ರಿಪೀಟ್ ಮಾಡಿದ್ದರಿಂದ ನನಗೆ ಲಾಭವಾಯಿತು, ಇಲ್ಲ ಎಂದು ಹೇಳಲಾರೆ. ಹತ್ತನೆಯ ತರಗತಿಯಲ್ಲೇ ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ತಂಡಕ್ಕೆ ಬಂದೆ, ಕೋಚ್‌ಗಳು ನೋಡಿದರು, ಈ ಕಾಲೇಜು ಸಿಕ್ಕಿತು. ಆದರೆ ಇಲ್ಲಿ ಎಲ್ಲರೂ ದೊಡ್ಡವರೇ. ನಾನು ಶಾಲೆಯಲ್ಲಿ ಭುಜದ ಬಲದಿಂದ ದಾಟಿ ಹೋಗುತ್ತಿದ್ದ ಡಿಫೆಂಡರ್ ಇಲ್ಲಿ ಸಿಗುವುದಿಲ್ಲ. ನನ್ನ ಜೊತೆಗೆ ಸೇರಿದವರಲ್ಲಿ ನನಗಿಂತ ಒಂದೂವರೆ ವರ್ಷ ಚಿಕ್ಕವನಾದ ಹುಡುಗನೊಬ್ಬ ಇದ್ದಾನೆ. ಶಾಲೆಯಲ್ಲಿ ದೊಡ್ಡವರ ಮಧ್ಯೆ ಬದುಕಲು ಎರಡೂ ಕೈಯಲ್ಲಿ ಸ್ಟಿಕ್ ಆಡಿಸುವುದನ್ನು ಕಲಿತಿದ್ದ. ಈಗ ಅವನ ದೇಹವೂ ಬೆಳೆದಿದೆ, ಅವನು ಮೊದಲ ಸಾಲಿನಲ್ಲಿ ಆಡುತ್ತಾನೆ. ಮನೆಯ ಗೋಡೆಗೆ ಚೆಂಡು ಹೊಡೆದು ಎಡಗೈ ಅಭ್ಯಾಸ ಮಾಡು ಎಂದು ಕೋಚ್ ಹೇಳುತ್ತಿದ್ದಾಗ, ಬಲಗೈಯಲ್ಲೇ ಗೋಲು ಬರುತ್ತಿದ್ದುದರಿಂದ ನನಗೆ ಅದು ಬೇಕೆನಿಸಿರಲಿಲ್ಲ. ಆಯ್ಕೆಗೆ ಬಂದ ಕೋಚ್‌ಗಳಲ್ಲಿ ಕೆಲವರು ಹುಟ್ಟಿದ ತಿಂಗಳನ್ನು ನೇರವಾಗಿಯೇ ಕೇಳಿದ್ದರು ಎಂಬುದನ್ನೂ ತಿಳಿಸುತ್ತೇನೆ.

ಬೋಗಾದಿ ಬಾಯ್ಸ್

ತಮ್ಮಾ, ಇಡೀ ಚರ್ಚೆಯಲ್ಲಿ ಎಡಗೈ ಅಭ್ಯಾಸದ ಬಗ್ಗೆ ಮಾತಾಡಿದವನು ನೀನೊಬ್ಬನೇ. ಅಮ್ಮನಿಗೆ ನಮಸ್ಕಾರ ತಿಳಿಸು.

ಟ್ರೆಂಟನ್ ಟೀ ಕಪ್

ಹಾಗಾದರೆ ಪರಿಹಾರವೇನು? ಚಿಕ್ಕ ಮಕ್ಕಳ ಲ್ಯಾಕ್ರಾಸ್‌ನಲ್ಲಿ ಯುಎಸ್‌ಎ ಲ್ಯಾಕ್ರಾಸ್ ಸಂಸ್ಥೆ 8, 10, 12, 14 ವರ್ಷದೊಳಗಿನವರು ಎಂದು ವಯಸ್ಸಿನ ಗುಂಪುಗಳನ್ನೇ ಶಿಫಾರಸು ಮಾಡುತ್ತದೆ, 12ರೊಳಗಿನವರಿಗೆ ದೇಹದಿಂದ ಡಿಕ್ಕಿ ಹೊಡೆಯುವುದನ್ನೂ ನಿಷೇಧಿಸಿದೆ. ಅದನ್ನೇ ಮೇಲಕ್ಕೆ ವಿಸ್ತರಿಸಿ ಎಲ್ಲ ಬೇಸಿಗೆ ಟೂರ್ನಿಗಳೂ ಜನ್ಮದಿನಾಂಕದ ಮೇಲೆ ನಡೆಯಲಿ.

ಕ್ಲಬ್ ಕೋಚ್, ಉತ್ತರ ವರ್ಜೀನಿಯಾ

ಅಷ್ಟು ಸುಲಭವಿಲ್ಲ. ಸಾಕರ್‌ನವರು 2016ರ ಹೊತ್ತಿಗೆ ಹುಟ್ಟಿದ ಕ್ಯಾಲೆಂಡರ್ ವರ್ಷದ ಗುಂಪಿಗೆ ಬದಲಾದರು. ಒಂದೇ ತರಗತಿಯ ಗೆಳೆಯರು ಬೇರೆಬೇರೆ ತಂಡಗಳಿಗೆ ಹೋದರು, ಎಂಟನೆಯ ತರಗತಿಯ ಕೆಲವು ಮಕ್ಕಳಿಗೆ ತಮ್ಮ ತಂಡದ ಉಳಿದವರೆಲ್ಲ ಪ್ರೌಢಶಾಲೆಗೆ ಹೋದ ಋತುವಿನಲ್ಲಿ ಆಡಲು ತಂಡವೇ ಇಲ್ಲದಂತಾಯಿತು. ಈಗ 2026-27ರಿಂದ ದೊಡ್ಡ ಸಂಸ್ಥೆಗಳು ಆಗಸ್ಟ್‌ನಿಂದ ಜುಲೈವರೆಗಿನ ಗುಂಪಿಗೆ ಮರಳುತ್ತಿವೆ. ಗೆರೆಯನ್ನು ಎಲ್ಲಿ ಎಳೆದರೂ ಅದರ ಆಚೆ ಒಂದು ದಿನದ ಅಂತರದಲ್ಲಿ ಒಬ್ಬ ಹುಡುಗ ನಿಂತಿರುತ್ತಾನೆ.

ನನ್ನ ಅಭಿಪ್ರಾಯದಲ್ಲಿ ಶಾಲೆ ಮುಗಿಸುವ ವರ್ಷದ ಗುಂಪುಗಳನ್ನು ಹಾಗೇ ಇಟ್ಟು ಅದರ ಮೇಲೆ ವಯಸ್ಸಿನ ಒಂದು ಮೇಲ್ಮಿತಿ ಹಾಕಬೇಕು. ಬೇಸಿಗೆಯಲ್ಲಿ ಹುಟ್ಟಿ ರಿಪೀಟ್ ಮಾಡಿದವರಿಗೆ ಕೆಲವು ತಿಂಗಳ ರಿಯಾಯಿತಿ ಇರಲಿ, ಅದಕ್ಕಿಂತ ಹಿರಿಯರು ಮೇಲಿನ ಗುಂಪಿನಲ್ಲಿ ಆಡಲಿ. ಜೊತೆಗೆ, ಕಾಲೇಜು ಕೋಚ್‌ಗಳಿಗೆ ಕೊಡುವ ಪಟ್ಟಿಯಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ ಅಚ್ಚಾಗಲಿ. ಇದಕ್ಕೆ ಯಾವ ಶಾಲೆಯ ಒಪ್ಪಿಗೆಯೂ ಬೇಕಿಲ್ಲ, ಟೂರ್ನಿ ನಡೆಸುವವರು ಮನಸ್ಸು ಮಾಡಿದರೆ ಸಾಕು. ವಯಸ್ಸು ಕಣ್ಣಿಗೆ ಕಂಡಾಗ ರಿಪೀಟ್‌ನ ಬೆಲೆ ತಾನಾಗಿಯೇ ಇಳಿಯುತ್ತದೆ.

ಮ್ಯಾಸಚೂಸೆಟ್ಸ್ ಮಲೆನಾಡಿಗ

ಟೂರ್ನಿ ನಡೆಸುವವರಿಗೆ ತಂಡಗಳ ಪ್ರವೇಶ ಶುಲ್ಕವೇ ಆದಾಯ. ದೊಡ್ಡ ಕ್ಲಬ್ಬು ಮುನಿಸಿಕೊಂಡು ಬೇರೆ ಟೂರ್ನಿಗೆ ಹೋದರೆ ಕಾಲೇಜು ಕೋಚ್‌ಗಳೂ ಅದರ ಹಿಂದೆ ಹೋಗುತ್ತಾರೆ. ಕಾಲೇಜು ಕೋಚ್‌ಗಳೇ ಒಟ್ಟಾಗಿ ಜನ್ಮದಿನಾಂಕವಿಲ್ಲದ ಪಟ್ಟಿಯನ್ನು ನಾವು ನೋಡುವುದಿಲ್ಲ ಎನ್ನುವವರೆಗೆ ಇದು ಆಗುವ ಕೆಲಸವಲ್ಲ.

ಬೆಥೆಸ್ಡಾ ಅಪ್ಪ (ಚರ್ಚೆ ಆರಂಭಿಸಿದವರು)

ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಮಗಳು ಅವರ ಮಾತು ಓದಿದ ಮೇಲೆ ನಾವು ಶಾಲೆಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದೆವು. ಎಂಟನೆಯ ತರಗತಿಗೆ ಸೇರಿಸಿದರೆ ಗಣಿತದಲ್ಲಿ ಅವನನ್ನು ಎಲ್ಲಿ ಕೂರಿಸುತ್ತೀರಿ ಎಂಬುದು ಮೊದಲನೆಯದು. ನಾಳೆ ಅವನು ಕಾಲು ಮುರಿದುಕೊಂಡು ಲ್ಯಾಕ್ರಾಸ್ ಬಿಟ್ಟರೆ ಈ ಒಂದು ವರ್ಷದಿಂದ ಅವನಿಗೆ ಏನು ಸಿಕ್ಕಂತಾಗುತ್ತದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಪರೀಕ್ಷೆ ನೋಡಿ ನಿರ್ಧರಿಸುತ್ತೇವೆ ಎಂದರು. ಎರಡನೆಯದಕ್ಕೆ ಪ್ರೌಢತೆ, ನಾಯಕತ್ವ ಎಂಬ ಪದಗಳಿದ್ದ ದೀರ್ಘವಾದ ಪತ್ರ ಬಂತು, ಉತ್ತರ ಇರಲಿಲ್ಲ. ಒಂಬತ್ತನೆಯ ತರಗತಿಯ ಸೀಟು ಈಗಲೂ ಖಾಲಿ ಇದೆಯಂತೆ, ಆದರೆ ಮೊದಲ ಎರಡು ವರ್ಷ ಜೆವಿ, ಅಂದರೆ ಶಾಲೆಯ ಎರಡನೆಯ ತಂಡದಲ್ಲೇ ಆಡಬೇಕಾಗಬಹುದು ಎಂದು ಕೋಚ್ ಸ್ಪಷ್ಟವಾಗಿ ತಿಳಿಸಿದ್ದಾರೆ. ಅವರ ಆ ನೇರವಂತಿಕೆ ನನಗೆ ಹಿಡಿಸಿತು.

ಹೆಂಡತಿಯದೂ ನನ್ನದೂ ಈಗ ಒಂದೇ ಅಭಿಪ್ರಾಯ: ಒಂಬತ್ತಕ್ಕೇ ಸೇರಿಸುವುದು. ಮಗ ಇನ್ನೂ ಮುನಿಸಿಕೊಂಡಿದ್ದಾನೆ. ಅವನ ಲೆಕ್ಕದಲ್ಲಿ ನಾವು ಅವನ ಒಂದು ವರ್ಷವನ್ನು ಕಿತ್ತುಕೊಂಡಿದ್ದೇವೆ.

ಸಾನ್ ಹೋಸೆ ಎಂಜಿನಿಯರ್

ನಿಮ್ಮ ನಿರ್ಧಾರ ನಿಮ್ಮದು, ಆದರೆ ಮಗನ ಮಾತನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅವನ ತಂಡದ ಅರ್ಧ ಹುಡುಗರು ರಿಪೀಟ್ ಮಾಡಿರುವುದು ನಿಜವಾದರೆ, ನ್ಯಾಯವಾಗಿ ನಡೆದುಕೊಂಡದ್ದರ ಖರ್ಚನ್ನು ತೀರಿಸುವವನು ಅವನೇ, ನೀವಲ್ಲ.

ಬಾಲ್ಟಿಮೋರ್ ಹಳಬ

ಎಂಜಿನಿಯರ್ ಹೇಳಿದ್ದರಲ್ಲಿ ಸತ್ಯವಿದೆ, ಆದ್ದರಿಂದ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಶುಲ್ಕದ ರಿಯಾಯಿತಿ ಏನಾದರೂ ಕೊಡುವುದಾಗಿ ಹೇಳಿದ್ದರೆ ಅದು ಎಂಟನೆಯ ತರಗತಿಗೂ ಒಂಬತ್ತನೆಯ ತರಗತಿಗೂ ಒಂದೇ ಆಗಿದೆಯೇ ಎಂದು ಬರಹದಲ್ಲಿ ಪಡೆಯಿರಿ. ಜೆವಿಯಲ್ಲಿ ಚೆನ್ನಾಗಿ ಆಡುವ ಹುಡುಗನನ್ನು ಋತುವಿನ ಮಧ್ಯದಲ್ಲಿ ವಾರ್ಸಿಟಿಗೆ ಎತ್ತಿಕೊಳ್ಳುವ ಪದ್ಧತಿ ಆ ಶಾಲೆಯಲ್ಲಿ ಇದೆಯೇ ಎಂದು ಈಗ ಅಲ್ಲಿ ಆಡುತ್ತಿರುವ ಹುಡುಗರ ತಂದೆತಾಯಂದಿರನ್ನು ವಿಚಾರಿಸಿ. ಕೋಚ್‌ಗಿಂತ ಅವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.